ಹೆಸರು ಹಾಕಿದರೆ ತಡ, ನಂಬರ್ ಹಾಕಿದರೆ ತಕ್ಷಣ

ಗೆಳೆಯರೇ, ಇವತ್ತು ಮಧ್ಯಾಹ್ನ ಮೂರೂವರೆಗೆ ಪಕ್ಕದ ಮನೆಯ ಟೈಲರ್ ಖಾದರ್ ಸಾಬರು ಮಗಳು ಶಬಾನಾಳನ್ನು ಕರೆದುಕೊಂಡು ಬಂದರು. ನರ್ಸಿಂಗ್ ಕಾಲೇಜಿಗೆ ಅರ್ಜಿ ತುಂಬಲು ಇವತ್ತೇ ಕಡೆಯ ದಿನ, ಐದು ಗಂಟೆಯೊಳಗೆ ಅರ್ಜಿ ಹೋಗಬೇಕು. ಸತ್ಯನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಇಂಟರ್‌ನೆಟ್ ಇರುವುದು ನನ್ನ ಲಿನಕ್ಸ್ ಕಂಪ್ಯೂಟರಿಗೆ ಮಾತ್ರ. ಅದರಲ್ಲಿ ಒಂದು ಪುಟ ತೆರೆಯಲು ಅರ್ಧ ನಿಮಿಷ. ಅರ್ಜಿ ಅರ್ಧ ತುಂಬುವಷ್ಟರಲ್ಲಿ ಸಮಯ ಮೀರಿತೆಂದು ಎರಡು ಸಲ ನಮ್ಮನ್ನು ಹೊರಹಾಕಿತು.

ಟೆಲಿಫೋನ್ ಲೈನ್‌ಮನ್‌ಗೆ ಫೋನ್ ಮಾಡಿದೆ.

“ಮೈನ್ಸ್ ಲಾರಿ ಓಡ್ಯಾಡಿ ಕೇಬಲ್ ಸಡ್ಲ ಆಗ್ಯಾವ್ರಿ. ನಾವೇನ್ ಮಾಡಾಕ ಬರ್ತೈತಿ?” ಎಂದ.

ಈಗ ಬಳ್ಳಾರಿಯಲ್ಲಿ ಆ ಅದಿರಿನ ಲಾರಿಗಳ ಮೇಲೆ ಏನು ಬೇಕಾದರೂ ಹೊರಿಸಬಹುದು.

ಶಬಾನಾಳ ಕಣ್ಣು ತುಂಬಿತ್ತು. ನಾನು ಒಂದು ಸೈಟಿನ ಹೆಸರಿನ ಬದಲು ಅದರ ನಂಬರಿನ ವಿಳಾಸ ಹಾಕಿ ಪರೀಕ್ಷಿಸಿದೆ, ತಕ್ಷಣ ಉತ್ತರ ಬಂತು. ಹೆಸರು ಹಾಕಿದೆ, ಐದು ಸೆಕೆಂಡು ಸುಮ್ಮನಿತ್ತು. ಅಂದರೆ ಲೈನ್ ಸರಿಯಿದೆ. ಹೆಸರಿಗೆ ನಂಬರ್ ಹುಡುಕಿಕೊಡುವ ಸರ್ವರಿನದೇ ತಕರಾರು. ಅಂಥ ಸರ್ವರುಗಳ ಪಟ್ಟಿಯಿರುವ ಫೈಲ್ ತೆರೆದು ನೋಡಿದರೆ ಮೊದಲ ಸಾಲಿನಲ್ಲಿ ಈಗ ಮುಚ್ಚಿಹೋಗಿರುವ ಸರ್ವರಿನ ವಿಳಾಸ. ಕಂಪ್ಯೂಟರ್ ಪ್ರತಿ ಸಲವೂ ಮೊದಲು ಅದನ್ನು ಕೇಳಿ, ಉತ್ತರಕ್ಕೆ ಕಾದು, ಆಮೇಲೆ ಎರಡನೆಯದನ್ನು ಕೇಳುತ್ತಿತ್ತು. ಒಂದು ಪುಟಕ್ಕೆ ಇಂಥ ಐದಾರು ಹೆಸರು ಹುಡುಕಬೇಕು, ಅರ್ಧ ನಿಮಿಷ ಅಲ್ಲೇ ಹೋಗುತ್ತಿತ್ತು. ಆ ಸಾಲನ್ನು ಅಳಿಸಿದೆ. ಪುಟ ಥಟ್ಟನೆ ತೆರೆಯಿತು.

ನಾಲ್ಕು ಐವತ್ತಕ್ಕೆ ಅರ್ಜಿ ಹೋಯಿತು. ಶಬಾನಾ ಅರ್ಜಿ ಸಂಖ್ಯೆಯನ್ನು ಹಾಳೆಯ ಮೇಲೆ ಬರೆದುಕೊಂಡು, ನಂಬಿಕೆ ಸಾಲದೆ ಅಂಗೈ ಮೇಲೂ ಬರೆದುಕೊಂಡಳು.

ಆಗಿದ್ದೇನೆಂದು ವಿವರಿಸಿದೆ. ಖಾದರ್ ಸಾಬರು ಕೇಳಿದರು: “ಆ ಹಳೀ ವಿಳಾಸ ಅದ್ರಾಗ ಯಾರ್ ಬರ್ದಿದ್ರು, ಅಕ್ಕಾರ?”

ಹೋದ ವರ್ಷ ನಾನೇ ಬರೆದದ್ದು.

“ಮೊದ್ಲ ಚಾ ಕುಡೀರಿ, ಭಾಯಿ,” ಎಂದೆ.