ಹುತ್ತಕ್ಕೆರೆದ ಹಾಲು ಒಡ್ಡಿನ ಕೆಳಗೆ

ನನಗೆ ಊರಿನವರೆಲ್ಲರ ದನಿಯನ್ನೂ ಅಣಕಿಸಲು ಬರುತ್ತದೆ. ತುಂಬಿ ತುಳುಕುವ ಟಂಟಂಗೆ ಇನ್ನಿಬ್ಬರನ್ನು ಕರೆಯುವ ನಿಂಬರ್ಗಾದ ಡ್ರೈವರ್, ಮಾತಿಗಿಂತ ಮೊದಲು ಕೆಮ್ಮುವ ನಮ್ಮ ಮುತ್ಯಾ, ಪರೀಕ್ಷೆಯ ಫಲಿತಾಂಶ ಕೇಳಿದರೆ ತೊದಲುವ ನಾನು, ಯಾರನ್ನೂ ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಮೈಕ್ ಸಿಕ್ಕರೆ ಕೆಳಗಿಡುವುದಿಲ್ಲ. ಹಾಗಾಗಿ ಈಗೀಗ ಮೈಕ್ ಸಿಗುವುದಿಲ್ಲ.

ನನ್ನ ದನಿಗಳಲ್ಲಿ ಹೆಚ್ಚು ನಗು ಗಿಟ್ಟಿಸಿದ್ದು ಒಬ್ಬ ಎಂಜಿನಿಯರನದು. ಹೋದ ವರ್ಷ ನಮ್ಮ ಹೊಲದ ಒಡ್ಡು ನೋಡಲು ಬಂದಿದ್ದ. ಮುತ್ಯಾ, ಅಂದರೆ ನನ್ನ ಅಜ್ಜ, ಹರೆಯದಲ್ಲಿ ಹಳ್ಳಕ್ಕೆ ಅಡ್ಡಲಾಗಿ ಸ್ವಂತ ಜಮೀನಿನಲ್ಲಿ ಕಟ್ಟಿಸಿದ ಮಣ್ಣಿನ ಒಡ್ಡು ಅದು. ಅಲ್ಲಿ ನಿಂತ ನೀರು ಮೆಲ್ಲಗೆ ಬಾವಿಗಿಳಿಯುತ್ತದೆ. ಆ ಬಾವಿಯೇ ನಮ್ಮ ಕಡಲೆಗೂ ಜೋಳಕ್ಕೂ ಜೀವ. ಹೆಚ್ಚಾದ ನೀರು ಹರಿದುಹೋಗಲು ಒಡ್ಡಿನ ಒಂದು ತುದಿಯಲ್ಲಿ ತಗ್ಗಾದ ಬಾಯಿ ಬಿಟ್ಟಿದ್ದರು. ಅದಕ್ಕೆ ಕೋಡಿ ಅನ್ನುತ್ತಾರೆ. ಇನ್ನೊಂದು ಮೊಳ ನೀರು ನಿಲ್ಲಲಿ ಎಂದು ಮುತ್ಯಾ ಆ ಬಾಯಿಗೆ ಕಲ್ಲು ಜೋಡಿಸಿ, ಮಣ್ಣು ಮೆತ್ತಿ ಮುಚ್ಚಿದ್ದರು. ಒಡ್ಡಿನ ನಡು ನೆತ್ತಿಯ ಮೇಲೆ ಒಂದು ಹುತ್ತ ಎದ್ದಿತ್ತು. ನಮ್ಮ ಆಯಿ, ಅಂದರೆ ಅಜ್ಜಿ, ಪ್ರತಿ ಪಂಚಮಿಗೆ ಅದಕ್ಕೇ ಹಾಲೆರೆಯುತ್ತಿದ್ದಳು.

ಎಂಜಿನಿಯರ್ ಎರಡನ್ನೂ ನೋಡಿ, ಅಂಗಿಯ ತುದಿಯಿಂದ ಕನ್ನಡಕ ಒರೆಸುತ್ತ ಹೇಳಿದ್ದ: “ನೋಡೀ ಯಜಮಾನ್ರೇ, ಒಡ್ಡು ಅಂದ್ರೆ ಗೋಡೆ ಅಲ್ಲ. ಹುತ್ತ ಇದ್ದಲ್ಲಿ ಒಳಗೆ ದಾರಿ ಇರುತ್ತೆ. ಕೆಳಗಡೆ ತಿಳಿ ನೀರು ಬಂದ್ರೆ ನೋಡ್ತಾ ಇರಿ. ಬಣ್ಣದ ನೀರು ಬಂದ್ರೆ ನೋಡ್ತಾ ನಿಲ್ಲಬೇಡಿ.”

“ಒಡ್ಡಿಗಿಂತ ಸಣ್ಣಾವ ಅದಾನ, ಒಡ್ಡಿಗೇ ಬುದ್ಧಿ ಹೇಳಾಕತ್ಯಾನ,” ಎಂದು ಮುತ್ಯಾ ಅವನಿಗೆ ಚಹಾ ಕುಡಿಸಿ ಕಳಿಸಿದ್ದರು. ಕನ್ನಡಕ ಒರೆಸುವುದರ ಸಮೇತ ಆ ಮಾತನ್ನು ನಾನು ಊರಿಗೆಲ್ಲ ಬಾಯಿಪಾಠ ಮಾಡಿಸಿದೆ. ಮಕ್ಕಳು ಕೂಡ ಉಚ್ಚೆ ಹೊಯ್ದು “ಬಣ್ಣದ ನೀರು ಬಂದ್ರೆ ನೋಡ್ತಾ ನಿಲ್ಲಬೇಡಿ” ಎಂದು ಓಡುತ್ತಿದ್ದವು.

ಈ ಸಲದ ಪಂಚಮಿಗೆ ಮುಂಚೆ ಮಳೆ ಹಿಡಿದದ್ದು ಬಿಡಲಿಲ್ಲ. ಹಬ್ಬದ ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ನೀರು ಮುಚ್ಚಿದ ಕೋಡಿಯ ಕಲ್ಲುಗಳನ್ನು ನೆಕ್ಕುತ್ತಿತ್ತು. ಮುತ್ಯಾ ಮೀಸೆ ತಿರುವುತ್ತ ನಿಂತಿದ್ದರು. ಆಯಿ ಹುತ್ತದ ಬಾಯಿಗೆ ಹಾಲೆರೆಯುತ್ತ, “ದೇವ್ರ ಪಾಲ, ಗುರುವಿನ ಪಾಲ, ಅಪ್ಪನ ಪಾಲ, ಮೊಮ್ಮಗನ ಪಾಲ,” ಎನ್ನುತ್ತಿದ್ದಳು. ಹಾಲು ನಿಲ್ಲದೆ ಗಟಗಟ ಇಳಿಯಿತು.

“ಆಯಿ, ನನ್ನ ಪಾಲ ಸೀದಾ ನನ್ನ ಬಾಯಾಗೇ ಹಾಕ. ನಡುವ ನಾಗಪ್ಪ ಯಾಕ?”

“ಸುಮ್ನಿರಲೇ ಮಂಗ್ಯಾ. ಈ ಉಂಡಿ ಚಾಚಾನ ಮನಿಗಿ ಕೊಟ್ಟು ಬಾ.”

ಚಾಚಾನ ಶೆಡ್ಡು ಒಡ್ಡಿನ ಕೆಳಗೇ ಇತ್ತು. ನಮ್ಮ ಹೊಲವನ್ನು ಪಾಲಿಗೆ ಮಾಡಿ ಬದನೆ ಬೆಳೆಯುತ್ತಿದ್ದ. ಹೆಂಡತಿ ಇಲ್ಲದ ಮನೆ. ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸು ಇನ್ನೂ ತೊಟ್ಟಿಲಿಗೂ ಹೊಸದು. ನಾನು ಇಳಿದು ಹೋದಾಗ ಅವಳು ಒಡ್ಡಿನ ಬುಡದಲ್ಲಿ ನೀರಿನ ಚರಗಿ ಹಿಡಿದು ನಿಂತಿದ್ದಳು. ಅಲ್ಲಿ ಯಾವಾಗಲೂ ಬೆರಳು ಗಾತ್ರದ ತಿಳಿ ನೀರು ಜಿನುಗುತ್ತಿತ್ತು.

“ಭಯ್ಯಾ, ನೀರ್ ಯಾಕ ಬೆಳ್ಳಗ ಆಗ್ಯಾವ?”

ನೋಡಿದೆ. ಚರಗಿಯಲ್ಲಿ ಅಕ್ಕಿ ತೊಳೆದ ನೀರಿನಂಥ ನೀರು.

“ನಾಗಪ್ಪ ಹಾಲ ಒಲ್ಲೆ ಅಂದಾನ, ತಂಗಿ. ಶುಗರ್ ಇರಬೇಕು,” ಅಂದೆ. ಅವಳು ನಕ್ಕಳು. ನಾನೂ ನಕ್ಕೆ. ನಗುತ್ತಲೇ ತಲೆ ಎತ್ತಿ ಹುತ್ತದ ಕಡೆ ನೋಡಿದೆ. ಆಯಿ ಹಾಲೆರೆದದ್ದು ಒಡ್ಡಿನ ನೆತ್ತಿಯ ಮೇಲೆ. ಅದು ಬಂದದ್ದು ಬುಡದಲ್ಲಿ. ನಡುವೆ ಇರಬೇಕಾದದ್ದು ಮಣ್ಣು, ದಾರಿಯಲ್ಲ.

ನೋಡುತ್ತಿದ್ದಂತೆ ಬಿಳುಪು ಹೋಯಿತು. ಅದರ ಹಿಂದೆ ಕಂದು ಬಂತು. ಬೆರಳಿನ ಗಾತ್ರ ಮುಂಗೈಯಷ್ಟಾಯಿತು. ನೀರಿನ ಜೊತೆ ಸಣ್ಣ ಮಣ್ಣಿನ ಹರಳುಗಳು ಉರುಳಿ ನನ್ನ ಚಪ್ಪಲಿಗೆ ತಾಗಿದವು.

“ಕೂಸಿನ್ನ ತಗೊಂಡ್ ಮ್ಯಾಲ ನಡಿ,” ಅಂದೆ. “ಏನೂ ತಗೋಬ್ಯಾಡ. ಬರೇ ಕೂಸು.”

ಓಡಿ ಏರಿ ಮುತ್ಯಾನ ಮುಂದೆ ನಿಂತಾಗ ನನಗೆ ಉಸಿರಿರಲಿಲ್ಲ. “ಹುತ್ತದ ಹಾಲು ಕೆಳಗ ಬಂದಾದ. ಈಗ ಮಣ್ಣು ಬರಾಕತ್ತಾದ. ಕೋಡಿ ತಗೀರಿ ಮುತ್ಯಾ.”

ಮುತ್ಯಾ ನಕ್ಕರು. “ಇದು ಯಾರ ದನಿಲೇ? ಕನ್ನಡಕ ಎಲ್ಲಿ?”

“ನಂದರೀ. ನಂದೇ ದನಿ.”

ಅಷ್ಟರಲ್ಲಿ ಚಾಚಾನ ಮಗಳು ಬರಿಗಾಲಲ್ಲಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಏರಿ ಬಂದಳು. ಅವಳ ಮುಖ ನೋಡಿ ಮುತ್ಯಾನ ನಗು ನಿಂತಿತು. ಬಗ್ಗಿ ಕೆಳಗೆ ನೋಡಿದರು. ಪಶ್ಚಿಮಕ್ಕೆ ಮತ್ತೆ ಮೋಡ ಕಪ್ಪಾಗಿ ಕೂಡುತ್ತಿತ್ತು.

“ಗುದ್ದಲಿ ತಾ,” ಅಂದರು.

“ಇವತ್ತ?” ಆಯಿ ಅಡ್ಡ ಬಂದಳು. “ಪಂಚಮಿ ದಿನ ಭೂಮಿಗಿ ಗುದ್ದಲಿ ಹಚ್ತೀರಿ? ನಾಗಪ್ಪನ ಹೆಡಿಗಿ ಬೀಳ್ತದ. ಹುಟ್ಟಿದ ಕೂಸು ಅದಾ ಇಲ್ಲಿ.”

ಪಂಚಮಿಯ ದಿನ ನಮ್ಮಲ್ಲಿ ಒಲೆಗೆ ಹೆಂಚೂ ಇಡುವುದಿಲ್ಲ, ನೆಲವನ್ನೂ ಅಗೆಯುವುದಿಲ್ಲ. ಮುತ್ಯಾನ ಕೈ ಅರ್ಧಕ್ಕೆ ನಿಂತಿತು. ನನ್ನದೂ ನಿಂತಿತು; ಎಲ್ಲರನ್ನೂ ಅಣಕಿಸುವ ನಾನು ನಾಗಪ್ಪನ ಅಣಕ ಮಾತ್ರ ಎಂದೂ ಮಾಡಿದವನಲ್ಲ.

ಆಗ ಚಾಚಾ ಹೆಗಲ ಮೇಲೆ ಗುದ್ದಲಿ ಇಟ್ಟು ಬಂದ. ಕೆಳಗಿನದನ್ನು ನೋಡಿಯೇ ಬಂದಿದ್ದ.

“ಅತ್ತ ಸರೀರಿ ಕಾಕಾ. ನನಗ ಪಂಚಮಿ ಇಲ್ಲ,” ಎಂದು ಮುತ್ಯಾನಿಗೆ ಅಂದ.

“ಉಂಡಿ ತಿನ್ನಾಗ ಇರ್ತದಲ್ಲ?” ಅಂದೆ. ಬಾಯಿ ನನ್ನ ಮಾತು ಕೇಳುವುದಿಲ್ಲ.

“ಉಂಡಿಗಿ ಎಲ್ಲಾ ಹಬ್ಬ ಅದಾವ ಬೇಟಾ,” ಅಂದವನೇ ಕೋಡಿಯತ್ತ ನಡೆದ.

“ನೀರು ನಿನ್ನ ಬದ್ನಿ ಮ್ಯಾಲೇ ಹೋಗ್ತದ ನೋಡು,” ಅಂದರು ಮುತ್ಯಾ. ಕೋಡಿಯ ಕಾಲುವೆ ಅವನ ತೋಟದ ನಡುವೆಯೇ ಇಳಿಯುತ್ತಿತ್ತು. ಗಿಡಗಳು ಆಗಷ್ಟೇ ಹೂ ಬಿಟ್ಟಿದ್ದವು.

ಚಾಚಾ ಮಗಳನ್ನೊಮ್ಮೆ ನೋಡಿದ. ಮೊದಲ ಏಟು ಹಾಕಿದ.

ಎರಡನೆಯ ಏಟೂ ಬಿತ್ತು. ಆಮೇಲೆ ಆಯಿ ಸೀರೆ ಎತ್ತಿ ಸಿಕ್ಕಿಸಿ, “ಬುಟ್ಟಿ ಕೊಡ್ರಿ. ಬುಟ್ಟಿಗೇನು ಪಂಚಮಿ ಇಲ್ಲ. ಅಗಿಯೂದ್ ಅವಾ, ಹೊರೂದ್ ನಾವು,” ಅಂದಳು. ಮುತ್ಯಾ ತಾವೇ ಜೋಡಿಸಿದ ಕಲ್ಲುಗಳನ್ನು ತಾವೇ ಕಿತ್ತರು. ನೀರು ಮೊದಲು ನಾಲಿಗೆಯಷ್ಟು ಹೊರಬಂತು, ಆಮೇಲೆ ಹೋರಿಯಂತೆ ನುಗ್ಗಿ ಬದನೆ ಸಾಲುಗಳನ್ನು ಮಲಗಿಸಿತು. ಚಾಚಾ ಅತ್ತ ತಿರುಗಲಿಲ್ಲ.

ಒಡ್ಡಿನ ಹಿಂದೆ ನಿಂತ ನೀರು ಇಳಿಯತೊಡಗಿತು. ಆದರೆ ಬುಡದಲ್ಲಿ ಕಂದು ನೀರು ನಿಲ್ಲಲಿಲ್ಲ.

“ಎರಿ ಮಣ್ಣು ಹಾಕಿ ಆ ತೂತಿನ ಬಾಯಿ ಮುಚ್ರಿ,” ಅಂದರು ಮುತ್ಯಾ. ಆಮೇಲೆ ನನ್ನತ್ತ ತಿರುಗಿದರು. “ಆ ಸಾಹೇಬ ಇದಕ್ಕೇನರೆ ಹೇಳಿದ್ದನಲ್ಲ. ಮುಂದಿಂದು ಹೇಳು.”

ಎಲ್ಲರೂ ನನ್ನ ಬಾಯಿ ನೋಡಿದರು. ನನಗೆ ಕನ್ನಡಕ ಒರೆಸುವುದು ನೆನಪಿತ್ತು, ಎಡಗೈ ಸೊಂಟಕ್ಕೆ ಇಡುವುದು ನೆನಪಿತ್ತು. ಮುಂದಿನ ಮಾತು ಇರಲಿಲ್ಲ. ನಗು ಬರುವಷ್ಟನ್ನು ಮಾತ್ರ ಕಲಿತಿದ್ದೆ.

ಮುತ್ಯಾ ಅಂಗಿಯ ಕಿಸೆಯಿಂದ ಫೋನ್ ತೆಗೆದು ಕೊಟ್ಟರು. ‘ಹುತ್ತದ ಸಾಹೇಬ’ ಎಂದು ಅವನ ನಂಬರ್ ಇಟ್ಟುಕೊಂಡಿದ್ದರು. ಮರ್ಯಾದೆಗೋ ಭಯಕ್ಕೋ, ಕೇಳಲಿಲ್ಲ. ಫೋನ್ ಹಚ್ಚಿ ಆದದ್ದನ್ನೆಲ್ಲ ಹೇಳಿದೆ.

“ಮಣ್ಣಿಂದ ಮುಚ್ಚಲೇಬೇಡಿ,” ಆ ಕಡೆಯಿಂದ ನನ್ನದೇ ದನಿ ಬಂದಂತಾಯಿತು. “ಒಂದು ಕಡೆ ಬಿಗಿದ್ರೆ ಇನ್ನೊಂದು ಕಡೆ ಒಡೆಯುತ್ತೆ. ಮೊದಲು ನಿಂತ ನೀರು ಚೆನ್ನಾಗಿ ಇಳೀಲಿ, ಅಲ್ಲೀವರೆಗೆ ಕೆಳಗೆ ಯಾರೂ ಹೋಗಬೇಡಿ. ಆಮೇಲೆ ಮರಳು ಹಾಕಿ, ಅದರ ಮೇಲೆ ಜಲ್ಲಿ. ನೀರು ಹೋಗಲಿ, ಮಣ್ಣು ಮಾತ್ರ ಉಳೀಲಿ. ರಾತ್ರಿ ಆ ಶೆಡ್ಡಲ್ಲಿ ಯಾರೂ ಮಲಗಬಾರದು.”

ಕಾದೆವು. ಹನಿ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ನೀರು ಅರ್ಧಕ್ಕೆ ಇಳಿದ ಮೇಲೆ, ಸಂಜೆಯ ಹೊತ್ತಿಗೆ, ಕೊಟ್ಟಿಗೆ ಕಟ್ಟಲು ತಂದ ಮರಳನ್ನೂ ಜಲ್ಲಿಯನ್ನೂ ಚಾಚಾ ಮತ್ತು ನಾನು ಹೊತ್ತು ಸುರಿದೆವು. ಮುತ್ಯಾ ಮೇಲೆ ನಿಂತು ನೀರು ಕಾಯುತ್ತಿದ್ದರು. ಚಾಚಾ ಚರಗಿ ಒಡ್ಡಿದ. ಕಂದು. ಚೆಲ್ಲಿದ. ಮತ್ತೆ ಒಡ್ಡಿದ. ಮಸುಕು. ಹಲವು ಸಲದ ಮೇಲೆ ಚರಗಿಯ ತಳ ಕಂಡಿತು.

“ತಳ ಕಾಣ್ತದರೀ!” ಎಂದು ಕೂಗಿದ.

ಮೇಲೆ ಆಯಿ ಉಳಿದ ಹಾಲನ್ನು ಹರಿಯುವ ಕೋಡಿಗೆ ಎರೆದಳು. “ಚಾಚಾನ ಪಾಲ, ಮಗಳ ಪಾಲ, ಕೂಸಿನ ಪಾಲ.” ಆಮೇಲೆ ಹುತ್ತದ ಕಡೆ ಕೈ ಮುಗಿದು, “ನಾಳಿ ಬಾವಿ ಕಟ್ಟಿಗಿ ನಡಿಯಪ್ಪ. ನಿನಗೂ ಗಟ್ಟಿ ಮನಿ ಬೇಕಲ್ಲ,” ಅಂದಳು.

ಆ ರಾತ್ರಿ ಕೂಸು ನಮ್ಮ ಮನೆಯಲ್ಲಿ ಮಲಗಿತು, ಅಥವಾ ಮಲಗದೆ ನಮ್ಮನ್ನೂ ಮಲಗಿಸಲಿಲ್ಲ. ಅದರ ದನಿಯನ್ನೂ ಈಗ ತೆಗೆಯುತ್ತೇನೆ.

ಬೆಳಿಗ್ಗೆ ಗುದ್ದಲಿಗೆ ಅಡ್ಡಿಯಿರಲಿಲ್ಲ. ಮುತ್ಯಾ ಮೊದಲು ಅಗೆಸಿದ್ದು ಹುತ್ತವನ್ನಲ್ಲ. ಒಡ್ಡಿಗಿಂತ ಮೇಲಿನ ಹೊಲದಲ್ಲಿ ತಾವೇ ಕಾಲಿನಿಂದ ಗೆರೆ ಎಳೆದು, “ಇಲ್ಲಿ ನಿನ್ನ ಶೆಡ್ಡು, ಆ ಮಗ್ಗಲಿಗಿ ಬದ್ನಿ,” ಅಂದರು. ಚಾಚಾ ಕಂಬದ ಕುಣಿ ತೋಡುತ್ತ ನನ್ನನ್ನು ಕರೆದ.

“ಸಾಹೇಬಂದು ಹೇಳ್ ಬೇಟಾ. ಈ ಸಲ ಪೂರಾ.”

ಹೇಳಿದೆ. ಮರಳು, ಜಲ್ಲಿ, ಎಲ್ಲ. ಕನ್ನಡಕವನ್ನೂ ಒರೆಸಿದೆ. ಚಾಚಾ ನಗಲಿಲ್ಲ.

“ಮತ್ತೊಮ್ಮೆ,” ಅಂದ.