ಎಡ ತಿರುವಿನಲ್ಲಿ ಬಿಡದ ಎಕ್ಸಲರೇಟರ್

ಊರಿಗೆ ನೀರು ಗುಡ್ಡದ ಮೇಲಿನ ಕೆರೆಯಿಂದ ಬರುತ್ತದೆ. ಅಲ್ಲಿಂದ ಇಳಿದು ಬರುವ ಹನ್ನೊಂದು ಕಿಲೋಮೀಟರ್ ಪೈಪನ್ನು ಹತ್ತೊಂಬತ್ತು ವರ್ಷ ಕಾಲ್ನಡಿಗೆಯಲ್ಲೇ ನೋಡಿಕೊಂಡವಳು ಅವಳು. ಕಬ್ಬಿಣದ ಸರಳಿನ ಒಂದು ತುದಿಯನ್ನು ಪೈಪಿಗೆ ಊರಿ, ಇನ್ನೊಂದಕ್ಕೆ ಕಿವಿ ಕೊಟ್ಟರೆ ಸಾಕು, ನೆಲದಡಿ ಎಲ್ಲಿ ಸೋರುತ್ತಿದೆ ಎಂದು ಹೇಳಿಬಿಡುತ್ತಿದ್ದಳು. ನೀರಿನ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಪೈಪಕ್ಕ.

ಮಂಡಿ ನೋವು ಶುರುವಾದ ವರ್ಷ ಕಚೇರಿಯವರು ಅವಳಿಗೆ ಗುಡ್ಡ ಹತ್ತುವ ನಾಲ್ಕು ಚಕ್ರದ ಬೈಕು ಕೊಟ್ಟರು. ಕಾಗದದಲ್ಲಿ ಅದು ಎಟಿವಿ, ಆಡುಮಾತಿನಲ್ಲಿ ಕಪ್ಪೆ. ಅದರ ಎಕ್ಸಲರೇಟರ್ ತಿರುಚುವಂಥದ್ದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವ ಚಿಕ್ಕ ಲಿವರ್. ಬೆರಳು ತೆಗೆದರೆ ಟಕ್ಕನೆ ಹಿಂದಕ್ಕೆ ಬರಬೇಕು.

ಮಳೆಗಾಲದ ಕೊನೆಯಲ್ಲಿ ಒಂದು ದಿನ ಬರಲಿಲ್ಲ. ಮೂರನೇ ವಾಲ್ವಿನ ತಿರುವಿನಲ್ಲಿ ಬೆರಳು ತೆಗೆದರೂ ಗಾಡಿ ನುಗ್ಗುತ್ತಲೇ ಇತ್ತು. ಕೆಂಪು ಗುಂಡಿ ಒತ್ತಿ ಎಂಜಿನ್ ಆರಿಸುವಷ್ಟರಲ್ಲಿ ಕಪ್ಪೆ ಹೋಗಿ ವಾಲ್ವಿನ ಕಟ್ಟೆಗೆ ಗುದ್ದಿತ್ತು. ಬಂಪರ್ ಬಾಗಿತು, ಅವಳ ಮಣಿಕಟ್ಟು ಊದಿಕೊಂಡಿತು.

ಕಚೇರಿಯ ಶೆಡ್ಡಿನ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ಅವಳ ಗಂಡನ ತಮ್ಮ. ಒಂದೇ ಮನೆ; ಕೆಳಗೆ ಅವಳ ಸಂಸಾರ, ಮಹಡಿಯಲ್ಲಿ ಅವನದು. ಕೈ ಚುರುಕು, ಮಾತು ಖಡಾಖಡಿ. ಲಿವರ್ ಬಿಚ್ಚಿ ಒಳಗೆ ಕೂತಿದ್ದ ಕೆಸರು ತೊಳೆದ. ಕಾರ್ಬುರೇಟರ್ ತೆಗೆದು ಒರೆಸಿದ. ಲಿವರಿನಿಂದ ಎಂಜಿನ್ನಿಗೆ ಹೋಗುವ ಹಳೇ ಕೇಬಲ್ ಸರಾಗವಾಗೇ ಆಡುತ್ತಿತ್ತು, ಆದರೂ ಕಿತ್ತು ಹೊಸದು ಹಾಕಿದ. ಶೆಡ್ಡಿನಲ್ಲಿ ನಿಂತು ಐವತ್ತು ಸಲ ಒತ್ತಿ ಬಿಟ್ಟ, ಐವತ್ತು ಸಲವೂ ಟಕ್ಕೆಂದಿತು. ಎರಡು ದಿನ ಬಿಟ್ಟು ಅದೇ ತಿರುವಿನಲ್ಲಿ ಮತ್ತೆ ಅದೇ ಕತೆ.

ಗಾಡಿಯಲ್ಲಿ ದೋಷ ಇಲ್ಲ ಎಂದು ಮೈದುನ ಕಚೇರಿಯ ಎಂಜಿನಿಯರ್‌ಗೆ ಹೇಳಿದ. ಕಂಡದ್ದನ್ನೇ ಹೇಳಿದ್ದ. ಎಂಜಿನಿಯರ್, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕು, ಅಜಾಗರೂಕ ಚಾಲನೆಗೆ ನೋಟಿಸು ಕೊಟ್ಟರು. ವಾರದೊಳಗೆ ಉತ್ತರ ಬರೆಯಬೇಕು. ಗಾಡಿಯ ಬೀಗದ ಕೈ ಅವರ ಡ್ರಾಯರ್ ಸೇರಿತು.

ಒಂದು ಕ್ಷಮಾಪಣೆ ಗೀಚಿ ಕೈ ತೊಳೆದುಕೋ ಎಂದ ಗಂಡ. ಅವಳು ಬರೆಯಲಿಲ್ಲ. ನೋಟಿಸಿನ ಮೇಲೆ ಅವಳಿಗೆ ಅಷ್ಟೇನೂ ಸಿಟ್ಟಿರಲಿಲ್ಲ. ಒಂದೇ ಮನೆಯ ಮೆಟ್ಟಿಲು ಹತ್ತಿಳಿಯುವವನು, ಏನಾಯಿತು ಎಂದು ತನ್ನನ್ನು ಒಂದು ಮಾತೂ ಕೇಳಲಿಲ್ಲವಲ್ಲ, ಅದು ಚುಚ್ಚುತ್ತಿತ್ತು.

ಮತ್ತೆ ನಡಿಗೆ. ನಾಲ್ಕನೇ ದಿನ ಮೂರನೇ ವಾಲ್ವಿನ ಕಟ್ಟೆಯ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದಾಗ ದಾರಿ ನೋಡಿದಳು. ಉಳಿದ ತಿರುವುಗಳೆಲ್ಲ ಅಗಲ. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಬೇಕಾದ್ದು ಇಲ್ಲಿ ಮಾತ್ರ. ಮಿಕ್ಕ ಪೈಪು ನಾಳೆ ನೋಡಿದರಾಯಿತೆಂದು ಅಲ್ಲಿಂದಲೇ ಶೆಡ್ಡಿಗೆ ಇಳಿದಳು. ಎಂಜಿನಿಯರ್ ಊಟಕ್ಕೆ ಹೋಗಿದ್ದರು. ಮೈದುನನ ಹತ್ತಿರ ಇನ್ನೊಂದು ಬೀಗದ ಕೈ ಇತ್ತು.

“ಸ್ಟಾರ್ಟ್ ಮಾಡಿ ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸು” ಎಂದಳು.

“ಅತ್ತಿಗೆ, ಕೇಬಲ್ ಹೊಸದು. ಎಷ್ಟು ಸಲ ಹೇಳಲಿ?”

“ನೀನು ನೋಡಿದ್ದು ನೇರ ಇಟ್ಟುಕೊಂಡು. ನಾನು ಗುದ್ದಿದ್ದು ತಿರುವಿನಲ್ಲಿ.”

ಅವಳನ್ನು ಸುಮ್ಮನಾಗಿಸಿದರೆ ಸಾಕೆಂದು ಅವನು ತಿರುಗಿಸಿದ. ಯಾರೂ ಲಿವರ್ ಮುಟ್ಟದೆ ಎಂಜಿನ್ ಸದ್ದು ಏರಿತು. ನೇರ ಮಾಡಿದ, ಇಳಿಯಿತು. ಮತ್ತೆ ಎಡಕ್ಕೆ, ಮತ್ತೆ ಏರಿತು.

ಎಂಜಿನ್ ಆರಿಸಿ, ಟಾರ್ಚ್ ಹಿಡಿದು ಹ್ಯಾಂಡಲ್ ಕೆಳಗೆ ತಲೆ ತೂರಿಸಿದ. ಅವಳು ಮೊದಲ ಸಲ ಗುದ್ದಿದ್ದರ ಹಿಂದಿನ ದಿನ ಗಾಡಿಗೆ ಒಂದು ಹೆಚ್ಚಿನ ಲೈಟು ಹಾಕಿದ್ದ. ಅದರ ವೈರಿನ ಜೊತೆ ಕೇಬಲನ್ನೂ ಸೇರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಗಾಡಿಯ ಚೌಕಟ್ಟಿಗೆ ಬಿಗಿದದ್ದೂ ಅವನೇ. ಹೊಸ ಕೇಬಲ್ ಹಾಕಿದಾಗಲೂ ಅದೇ ಜಾಗದಲ್ಲಿ ಅಷ್ಟೇ ಬಿಗಿಯಾಗಿ ಕಟ್ಟಿದ್ದ. ಹ್ಯಾಂಡಲ್ ಎಡಕ್ಕೆ ಹೋದರೆ ಕೇಬಲಿಗೆ ಹೋಗಲು ಉದ್ದ ಸಾಲದೆ, ಬೆರಳು ಒತ್ತಿದಂತೆ ತಾನೇ ಎಳೆದುಕೊಳ್ಳುತ್ತಿತ್ತು.

ಅವನು ಪಟ್ಟಿ ಕತ್ತರಿಸಿ, ಕೇಬಲನ್ನು ಸಡಿಲ ಬಿಟ್ಟು ಸುತ್ತು ಹಾಕಿ ತಂದ. ಸ್ಟಾರ್ಟ್ ಮಾಡಿ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿದ. ಸದ್ದು ಒಂದೇ ಸಮ ಇತ್ತು.

ಕೇಬಲ್ ಎಲ್ಲೋ ಸಿಕ್ಕಿಕೊಂಡಿತ್ತು ಅಂತ ಬರೆದುಕೊಟ್ಟರೆ ಸಾಕು, ನಿನ್ನ ಹೆಸರೇಕೆ ಎಂದಳು ಅವಳು. ಅವನು ಒಪ್ಪಲಿಲ್ಲ. ಕೈ ಒರೆಸಿಕೊಂಡು, ಅವಳನ್ನೂ ಕರೆದುಕೊಂಡು ಊಟ ಮುಗಿಸಿ ಬಂದ ಎಂಜಿನಿಯರ್ ಮುಂದೆ ನಿಂತ.

“ಲೈಟು ಹಾಕುವಾಗ ಕೇಬಲ್ ಬಿಗಿದು ಕಟ್ಟಿದ್ದು ನಾನು ಸಾರ್. ಅತ್ತಿಗೆ ಗಾಡಿ ಸರಿಯಾಗೇ ಓಡಿಸಿದ್ದಾರೆ.”

ಕಚೇರಿಯವರ ಮುಂದೆ ಅವನು ಅವಳನ್ನು ಅತ್ತಿಗೆ ಎಂದದ್ದು ಅದೇ ಮೊದಲು. ಎಂಜಿನಿಯರ್ ನೋಟಿಸು ಹಿಂದಕ್ಕೆ ತೆಗೆದುಕೊಂಡರು, ಅಂಥದ್ದೇ ಇನ್ನೊಂದನ್ನು ಅವನ ಹೆಸರಿಗೆ ಬರೆಸಿದರು. ನೆಲ ಡೊಂಕಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಸಂಜೆ ಮೈದುನ ಕೆಳಗಿಳಿದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ಇಳಿಜಾರಿನಲ್ಲಿ ಬ್ರೇಕು ಹೇಗೆ ಹಿಡಿಯುತ್ತೆ ಎಂದು ಕೇಳಿದ. ಒದ್ದೆಯಾದರೆ ಹಿಂದಿನದು ತಡ ಮಾಡುತ್ತೆ ಎಂದಳು. ಯಾವಾಗಿನಿಂದ ಎಂದು ಕೇಳಿದ. ಅವಳು ಒಲೆ ಸಣ್ಣ ಮಾಡಿ, ಸ್ಟೂಲು ಅವನತ್ತ ಸರಿಸಿ, ಮೊದಲಿನಿಂದ ಹೇಳತೊಡಗಿದಳು.