ಸೀಟು ಬಿಚ್ಚಿಕೊಂಡು ಹೋದ ಉಸ್ತಾದ್

ಕುಕ್ಕರಗಾಲಿನಲ್ಲಿ ಕೂತು ಏಳುವಾಗ ಉಸ್ತಾದರ ಬಲ ಮೊಣಕಾಲು ‘ಟಕ್’ ಎನ್ನುತ್ತಿತ್ತು, ಹಳೇ ಸ್ವಿಚ್ಚು ಒತ್ತಿದ ಹಾಗೆ. ಆ ಸದ್ದನ್ನು ನಾಲಗೆಯಲ್ಲಿ ಹೊರಡಿಸಲು ಕಲಿತಿದ್ದೆ. ಸೈಕಲ್ ರೇಸಿಗಿಂತ ಮೊದಲು ನನಗೆ ಹೆಸರು ತಂದದ್ದು ಅದೇ.

ಅವರು ನಮ್ಮ ಸೈಕಲ್ ಕೋಚ್. ಹಲಸೂರು ಕೆರೆಯ ಪಕ್ಕದ ರಸ್ತೆಯಲ್ಲಿ ದಿನಾ ಬೆಳಿಗ್ಗೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆಯುತ್ತಿದ್ದರು. ಪೆಡಲು ಒಂದು ಸುತ್ತು ತಿರುಗುವಷ್ಟರಲ್ಲಿ ಸೈಕಲ್ಲು ಎರಡನೇ ಗೆರೆ ದಾಟಿದರೆ ಆ ಗೇರು ಹುಡುಗರ ಕಾಲಿಗೆ ಭಾರ ಎಂದು ಲೆಕ್ಕ. ಸ್ಕ್ರೂ ತಿರುಗಿಸಿ ಅದನ್ನು ಬಂದ್ ಮಾಡುತ್ತಿದ್ದರು. ಹುಡುಗರ ರೇಸುಗಳಲ್ಲಿದ್ದ ಈ ಗೇರಿನ ಮಿತಿಯನ್ನು ತೆಗೆದುಹಾಕಿದ ಮೇಲೂ ಉಸ್ತಾದರ ಗೆರೆ ನಿಲ್ಲಲಿಲ್ಲ.

“ರೂಲ್ಸೇ ಹೋಯ್ತಲ್ಲ ಉಸ್ತಾದ್?” ಅಂದೆ.

“ರೂಲ್ಸ್ ಹೋಯ್ತು ಮಿಯಾ. ಮೊಣಕಾಲು ಹೊಸದು ಕೊಟ್ರಾ?”

ಬೆಳಗಿನ ಅಭ್ಯಾಸ ಸಾಲದೆಂದು ಅಪ್ಪ ಸಂಜೆಯೂ ನನ್ನಿಂದ ಕೆ.ಆರ್. ಪುರದ ಸೇತುವೆ ಹತ್ತಿಸಿ ಇಳಿಸುತ್ತಿದ್ದರು. ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಾಗ ಮೊಣಕಾಲ ಚಿಪ್ಪಿನ ಕೆಳಗೆ ಚುಚ್ಚತೊಡಗಿತು. ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಹುಡುಗರ ಮುಂದೆ ಉಸ್ತಾದರ ಮಿಮಿಕ್ರಿ ಮಾಡುತ್ತ ಕುಕ್ಕರಗಾಲಿನಲ್ಲಿ ಕೂತೆ. ಏಳುವಾಗ ತೊಡೆಗೆ ಕೈ ಕೊಟ್ಟೆ. ಎಲ್ಲರೂ ನಟನೆಯೆಂದು ನಕ್ಕರು. ಹಿಂದೆ ನಿಂತಿದ್ದ ಉಸ್ತಾದ್ ನಗಲಿಲ್ಲ.

“ಟಕ್ ಚೆನ್ನಾಗಿತ್ತು. ಕೈ ಯಾಕೋ ಕೊಟ್ಟೆ? ನಾನು ಕೊಡಲ್ಲವಲ್ಲ.”

ನನ್ನ ಮೊಣಕಾಲ ಚಿಪ್ಪಿನ ಕೆಳಗೆ ಹೆಬ್ಬೆರಳು ಒತ್ತಿದರು. ಅಪರೂಪಕ್ಕೆ ನನ್ನ ಬಾಯಿಂದ ನನ್ನದೇ ದನಿ ಬಂತು. ಉಸ್ತಾದ್ ನನ್ನ ಸೈಕಲ್ಲಿನ ಸೀಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು.

“ಬೈಕೋ, ಪರ್ವಾಗಿಲ್ಲ. ನೋವು ಹೋಗ್ಲಿ, ಕೊಡ್ತೀನಿ.”

ಅಪ್ಪ ಅವರ ಮನೆಗೇ ಹೋದರು. “ಇದೊಂದು ರೇಸಿಗೆ ಬಿಡಿ ಸಾರ್, ಆಮೇಲೆ ರೆಸ್ಟ್ ಮಾಡ್ತಾನೆ.”

“ನಮ್ಮ ಅಬ್ಬಾನೂ ಹಿಂಗೇ ಅಂದಿದ್ರು ಸಾರ್,” ಎಂದು ಉಸ್ತಾದ್ ಒಮ್ಮೆ ಕೂತು ಎದ್ದು ತೋರಿಸಿದರು. ಸದ್ದು ಕೇಳಿದ ಅಪ್ಪ ಕೊಟ್ಟ ಚಹಾ ಕುಡಿದು ಸೀಟಿಲ್ಲದೆ ವಾಪಸು ಬಂದರು.

ಸೀಟು ಮರಳಿ ಬಂದದ್ದು ಮಳೆಗಾಲ ಕಳೆದ ಮೇಲೆ. ರಾಜ್ಯ ತಂಡಕ್ಕೆ ನಾನು ಎಂದೂ ಸೇರಲಿಲ್ಲ. ಅದಕ್ಕೆ ನನ್ನ ವೇಗವೂ ಸ್ವಲ್ಪ ಕಾರಣ ಅನ್ನಿ.

ಕಳೆದ ತಿಂಗಳು ಉಸ್ತಾದ್ ತೀರಿಕೊಂಡರು. ಹೃದಯಾಘಾತ. ಶಿವಾಜಿನಗರದ ಅವರ ಮನೆಯ ಮುಂದೆ ಹುಡುಗರೆಲ್ಲ ಅತ್ತರು. ನನಗೆ ಏನೂ ಆಗಲಿಲ್ಲ. ಯಾರದಾದರೂ ಅಳು ನೋಡಿ ಕಲಿಯಬೇಕೇನೋ ಎಂದುಕೊಳ್ಳುತ್ತ ನಿಂತಿದ್ದೆ. ಅವರ ಮಗ ಬಂದು, “ಹೆಗಲು ಕೊಡ್ತೀಯಾ?” ಅಂದ.

ಕೊಟ್ಟೆ. ದಾರಿಯಲ್ಲಿ ಹಿಂದಿನವರು “ಬದಲಿ ಮಾಡೋಣ, ಬಿಡಪ್ಪಾ” ಅನ್ನುತ್ತಲೇ ಇದ್ದರು. ನಾನು ಬಿಡಲಿಲ್ಲ. ಖಬರಸ್ತಾನದವರೆಗೂ ನಡೆದೆ. ಹೆಗಲು ಭಾರವಾಗಿತ್ತು. ಬೇರೆ ಎಲ್ಲೂ ನೋವಿರಲಿಲ್ಲ, ಮೊಣಕಾಲಲ್ಲೂ.